ಎಡಗಡೆಯ ಸೀಟು

ಬೀದಿಯವರು ಅವಳನ್ನು ಕಿಡಿಯಕ್ಕ ಅಂತ ಕರೆಯುವುದಕ್ಕೆ ಎರಡು ಕಾರಣವಿತ್ತು. ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಅವಳು ವೆಲ್ಡಿಂಗ್‌ಗೆ ಕೂತರೆ ಕಿಡಿ ರಸ್ತೆಯವರೆಗೂ ಹಾರುತ್ತಿತ್ತು. ಆ ಕಿಡಿಯ ಬಗ್ಗೆ ಯಾರಾದರೂ ತಕರಾರು ತೆಗೆದರೋ, ಅವಳ ಬಾಯಿಂದ ಅದಕ್ಕಿಂತ ದೊಡ್ಡದು ಹಾರುತ್ತಿತ್ತು. ಗೇಟು, ಕಿಟಕಿಯ ಸರಳು, ಲಾರಿಯ ಬಾಡಿ, ಮುರಿದ ಕುರ್ಚಿ, ಏನು ತಂದುಕೊಟ್ಟರೂ ಬೆಸೆದು ಕೊಡುವ ಹೆಂಗಸು. ಅವಳ ಗಂಡ ಪಿಕಪ್ ಗಾಡಿಯ ಡ್ರೈವರು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಬೀರು, ಮಂಚ, ನಿಲುವುಗನ್ನಡಿ, ಪಿಂಗಾಣಿ, ಎಲ್ಲವನ್ನೂ ಒಂದು ಗೀರೂ ಬೀಳದಂತೆ ಇಳಿಸಿ, "ನೋಡ್ಕೊಳಿ, ನಾಳೆ ಬಂದು ಅದು ಒಡೆದಿತ್ತು ಇದು ಒಡೆದಿತ್ತು ಅನ್ಬೇಡಿ" ಎಂದು ಗತ್ತಿನಿಂದ ಹೇಳುವವನು.

ಗತ್ತು ಅಂದೆನಲ್ಲ, ಅದು ಹೆಂಡತಿಯ ಮುಂದೆ ಇನ್ನೂ ಒಂದು ತೂಕ ಜಾಸ್ತಿ. ತಮ್ಮ ಅಂಗಳಕ್ಕೆ ಅವಳೇ ಗೇಟು ಮಾಡುವಾಗ, "ಕಂಬ ಸ್ವಲ್ಪ ಅಗಲಕ್ಕೆ ನಿಲ್ಲಿಸ್ಲಾ, ಗಾಡಿ ಬರಬೇಕಲ್ಲ" ಎಂದು ಕೇಳಿದ್ದಳು. "ನನ್ನನ್ನ ಏನು ಅಂದ್ಕೊಂಡಿದೀಯ?" ಎಂದು ಅವನು ಮೂಗು ಮುರಿದಿದ್ದ. ಹಟಕ್ಕೆ ಬಿದ್ದು ಅವಳೂ ಬಿಗಿಯಾಗಿಯೇ ನಿಲ್ಲಿಸಿದಳು. ಆಮೇಲೆ ಅವನು ಒಂದು ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಆ ಕಂಬಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದ. ಇಳಿದ ಮೇಲೆ ಲೋಟವನ್ನು ಅವಳ ಕೈಗೆ ಕೊಟ್ಟು, ಸೀದಾ ಒಳಗೆ ಹೋಗುತ್ತಿದ್ದ. ಆ ಜಂಬ ನೋಡಲಿಕ್ಕೆಂದೇ ಅವಳು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು ಅನ್ನುವುದು ಅವನಿಗೂ ಗೊತ್ತಿತ್ತು.

ಅಂಥವನು ಒಂದು ಬೆಳಗ್ಗೆ ಹಲ್ಲುಜ್ಜುತ್ತ ಬಚ್ಚಲಲ್ಲಿ ಕುಸಿದುಬಿದ್ದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಆಸ್ಪತ್ರೆಯಿಂದ ಮನೆಗೆ ಬರುವಾಗ ಎಡಗೈ, ಎಡಗಾಲು ಅವನ ಮಾತು ಕೇಳುತ್ತಿರಲಿಲ್ಲ. ಬಾಯಿ ನೆಟ್ಟಗಿತ್ತು, ನೆನಪು ನೆಟ್ಟಗಿತ್ತು, ಜಂಬವೂ ನೆಟ್ಟಗಿತ್ತು. ಕಷ್ಟ ಬಂದದ್ದು ಅದರಿಂದಲೇ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಬಹಳ ಹೊತ್ತು ಕೂರಿಸಿಕೊಂಡು ಹೇಳಿದ್ದರು. ಮಾತ್ರೆ ಹೇಗೆ, ವ್ಯಾಯಾಮ ಹೇಗೆ, ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ. ಕಿಡಿಯಕ್ಕನ ತಲೆಯಲ್ಲಿ ಇದ್ದದ್ದು ಒಂದೇ, ಇವನು ಮತ್ತೆ ಗಾಡಿ ಓಡಿಸುತ್ತಾನೋ ಇಲ್ಲವೋ. "ಅದನ್ನ ಈಗಲೇ ಹೇಳಕ್ಕಾಗಲ್ಲ. ಇವರಿಗೆ ಎಡಗಡೆ ಗಮನ ಕಡಿಮೆ ಇರುತ್ತೆ, ಅದನ್ನ ನೋಡ್ಕೊಳಿ" ಎಂದರು ಡಾಕ್ಟರಮ್ಮ. "ಗಮನ ಕಡಿಮೆ ಅನ್ನೋದು ಮದುವೆ ಆದಾಗಿಂದ ಇರೋದೇ ಬಿಡಿ ಡಾಕ್ಟ್ರೇ" ಎಂದಳು ಇವಳು. ಗಂಡ ನಕ್ಕ. ಅವನು ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು. ಅದನ್ನು ನೋಡಿ ಡಾಕ್ಟರಮ್ಮನೂ ನಕ್ಕರು, ಮಾತು ಬೇರೆ ಕಡೆ ಹೋಯಿತು. ಎಂಥ ಹಾಳು ನಗು ಅದು.

ನಡುಮನೆಯಲ್ಲಿ ಮಂಚ ಹಾಕಿದರು. ಮಂಚದ ಬಲಕ್ಕೆ ಕಿಟಕಿ. ಕಿಟಕಿಯ ಆಚೆ ಅಂಗಳದಲ್ಲಿ ಗಾಡಿ ಧೂಳು ತಿನ್ನುತ್ತ ನಿಂತಿತ್ತು. ಅವನು ಬೆಳಗಿನಿಂದ ಸಂಜೆಯವರೆಗೆ ಕತ್ತು ತಿರುಗಿಸಿ ಆ ಕಿಟಕಿಯ ಕಡೆಗೇ ಮುಖಮಾಡಿರುತ್ತಿದ್ದ. ಎಷ್ಟು ಕರೆದರೂ ಈಚೆಗೆ ತಿರುಗುತ್ತಿರಲಿಲ್ಲ. "ಗಾಡೀನೇ ನೋಡ್ತಾ ಮಲಗಿರ್ತಾನೆ, ಪಾಪ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ಒಂದು ಸಂಜೆ ಅವನೇ ಹೇಳಿದ. "ಸ್ಟೇರಿಂಗ್ ಹಿಡಿಯಕ್ಕಾಗದೆ ಇರೋನು ಇದ್ದರೇನು, ಹೋದರೇನು."

"ಬಾಯಿ ಮುಚ್ಚು" ಎಂದಳು ಅವಳು.

"ಮುಚ್ಚಿದೀನಿ. ಇನ್ನೇನು ತೆರೆಯೋದಿದೆ."

ಅವಳು ಮಂಚದ ಬಲಕ್ಕೆ ಬಂದು ಕೂತು, ಅವನ ಸರಿಯಿದ್ದ ಕೈ ಹಿಡಿದುಕೊಂಡಳು. "ಒಂದೇ ಕೈ, ಒಂದೇ ಕಾಲಲ್ಲಿ ಓಡೋ ಹಾಗೆ ಗಾಡೀನ ನಾನು ಮಾಡಿಕೊಡ್ತೀನಿ. ನಿನ್ನಾಣೆ. ನೀನು ಆ ಗೇಟು ದಾಟ್ತೀಯ." ಆವತ್ತು ಅವನು ತಾನಾಗಿ ಊಟ ಕೇಳಿದ.

ಮಾತು ಕೊಟ್ಟಾಯಿತು, ಇನ್ನು ಅವಳನ್ನು ಹಿಡಿಯುವವರು ಯಾರು? ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಹಿಂದಿನಿಂದ ಗುದ್ದಿಸಿಕೊಂಡು ಬಂದಿದ್ದ ಅದೇ ಕಂಪನಿಯ ಒಂದು ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹುಡುಕಿ ತಂದಳು. ಅದು ಬಂದರೆ ಕ್ಲಚ್ ಒತ್ತುವ ಎಡಗಾಲೂ ಬೇಡ, ಗೇರ್ ಹಾಕುವ ಎಡಗೈಯೂ ಬೇಡ. ಹೇಳಿದಷ್ಟು ಸುಲಭವಾಗಿ ಅದು ಕೂರಲಿಲ್ಲ ಅನ್ನಿ. ಹಳೆಯದಕ್ಕಿಂತ ಉದ್ದ ಇತ್ತು, ಚಾಸಿಯ ಅಡ್ಡಪಟ್ಟಿ ಕತ್ತರಿಸಿ ಹಿಂದಕ್ಕೆ ಸರಿಸಿ ಬೆಸೆಯಬೇಕಾಯಿತು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಮೋಟು ಮಾಡಬೇಕಾಯಿತು. ಗಾಡಿಯ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಂಡು, ಬೋಲ್ಟಿಗೆ ಬೋಲ್ಟಿನ ಅಪ್ಪನಿಗೆ ಅಜ್ಜನಿಗೆ ಎಲ್ಲ ಬೈದುಕೊಂಡು ಅವಳು ದುಡಿದಳು. ಒಳಗಿನಿಂದ ಅವನು ಕಿಟಕಿಯಲ್ಲಿ ಕೇಳುತ್ತಿದ್ದ. "ಯಾವ ಬೋಲ್ಟು?" "ಮೇಲಿಂದು!" "ಅದು ಹಾಗೆಲ್ಲ ಬರಲ್ಲ, ಎಣ್ಣೆ ಬಿಟ್ಟು ಬಿಡು. ಬೈದರೆ ಇನ್ನೂ ಬಿಗಿಯಾಗುತ್ತೆ, ನಿನ್ನ ಜಾತಿ ಅದು." ಅವನ ದನಿಯಲ್ಲಿ ಜೀವ ಬಂದಿತ್ತು. ಗಾಡಿಯ ಕೆಳಗೆ ಮಲಗಿಕೊಂಡೇ ಅವಳು ಅತ್ತುಬಿಡುತ್ತಿದ್ದಳು, ಸಂತೋಷಕ್ಕೆ.

ಗೇರಿನ ಹಿಡಿಯನ್ನು ಡ್ರೈವರ್ ಸೀಟಿನ ಬಲಕ್ಕೆ, ಬಾಗಿಲ ಪಕ್ಕ ತಂದಳು. ಒಂದೇ ಕೈಯಲ್ಲಿ ತಿರುಗಿಸಲಿಕ್ಕೆ ಸ್ಟೇರಿಂಗಿಗೆ ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಗುಬುಟು ಕೂರಿಸಿದಳು, ಅದು ಅವನ ಅಂಗೈಗೆ ಹೊಂದುವವರೆಗೆ ಅರದಲ್ಲಿ ಉಜ್ಜಿ ಉಜ್ಜಿ ನಯ ಮಾಡಿದಳು. ಇಂಡಿಕೇಟರು, ಹಾರನ್ನು, ಲೈಟು ಎಲ್ಲ ಬಲಗೈ ಹೆಬ್ಬೆರಳಿಗೆ ಸಿಗುವಂತಾಯಿತು. ಎಡಗಾಲು ಜಾರಿ ಬ್ರೇಕಿನ ಕೆಳಗೆ ಸಿಕ್ಕಿಕೊಳ್ಳದಂತೆ ಅಡ್ಡಕ್ಕೊಂದು ತಗಡು, ಅದರ ಅಂಚು ಕಾಲಿಗೆ ತಾಗಿದರೆ ನೋಯಬಾರದೆಂದು ಅದಕ್ಕೆ ರಬ್ಬರು. ಅವನು ಎಡಕ್ಕೆ ವಾಲದಂತೆ ಸೀಟಿಗೊಂದು ಒತ್ತುದಿಂಬು.

ಅವಳ ಶೆಡ್ಡಿನಲ್ಲಿ ಒಂದು ನೇಮವಿತ್ತು. ಏಣಿ ಮಾಡಿದರೆ ಮೊದಲು ತಾನು ಹತ್ತಬೇಕು, ಕುರ್ಚಿ ಮಾಡಿದರೆ ಮೊದಲು ತಾನು ಕೂರಬೇಕು, ಆಮೇಲೆ ಗಿರಾಕಿಗೆ. ಹಾಗೆಯೇ ಇಲ್ಲೂ ಮಾಡಿದಳು. ದುಪ್ಪಟ್ಟಾದಿಂದ ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡಳು, ಎಡಗಾಲನ್ನು ಸೀಟಿಗೆ ಕಟ್ಟಿಕೊಂಡಳು, ಗಂಡನೇ ಆಗಿ ಸ್ಟೇರಿಂಗ್ ಹಿಡಿದಳು. ಮೊದಲ ದಿನ ಬೀದಿ ಕೊನೆ ತನಕ, ಮಾರನೆಯ ದಿನ ದೊಡ್ಡ ರಸ್ತೆ ತನಕ. ಏರು, ಇಳಿಜಾರು, ತಿರುವು, ಹಿಮ್ಮುಖ, ಎಲ್ಲ ಪರೀಕ್ಷೆಯೂ ಆಯಿತು. ಎಲ್ಲೂ ಎಳ್ಳಷ್ಟೂ ಲೋಪವಿರಲಿಲ್ಲ. ಅವನ ದೇಹದಲ್ಲಿ ಏನೇನು ಇಲ್ಲವೋ ಅಷ್ಟನ್ನೂ ತನ್ನ ದೇಹದಲ್ಲಿ ಕಟ್ಟಿಹಾಕಿ ನೋಡಿದ್ದೇನೆ ಎಂದು ಅವಳು ನಂಬಿದ್ದಳು.

ಮನೆಯೊಳಗೆ ಬೇರೆಯದೇ ರಾಮಾಯಣ ನಡೆದಿತ್ತು. ಅತ್ತೆ, ಅಂದರೆ ಡ್ರೈವರನ ಅಮ್ಮ, ಮಂಚದ ಎಡಕ್ಕೆ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ಕೂರುತ್ತಿದ್ದಳು. ಮಗ ಅವಳ ಮುಖ ನೋಡುತ್ತಿರಲಿಲ್ಲ. "ಕಾಫಿ ಕುಡೀತೀಯೇನಪ್ಪ" ಎಂದರೆ "ಹೂಂ" ಎಂದು ಕಿಟಕಿಗೆ ಉತ್ತರ ಕೊಡುತ್ತಿದ್ದ. ಆಸ್ಪತ್ರೆಯಲ್ಲಿದ್ದಾಗ ಮುದುಕಿ ಸಂಕಟಕ್ಕೆ "ಆ ಗಾಡಿ ಮಾರಿಬಿಡ್ರೋ, ಪೀಡೆ ತೊಲಗಲಿ" ಎಂದಿದ್ದಳು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಗ ಮುಖ ತಿರುಗಿಸಿದ್ದಾನೆ ಎಂದು ಅವಳ ಲೆಕ್ಕ. "ಹೆತ್ತವಳು ಒಂದು ಮಾತು ಅಂದರೆ ಹೊಟ್ಟೆಗೆ ಹಾಕ್ಕೋಬಾರದಾ?" ಎಂದು ಸೊಸೆಯ ಹತ್ತಿರ ಕಣ್ಣೊರೆಸಿಕೊಂಡಳು. ಕೊನೆಗೆ, "ನಾನು ಮಗಳ ಮನೆಗೆ ಹೋಗ್ತೀನಿ ಬಿಡು. ಇಲ್ಲಿ ನಾನಿದ್ದರೂ ಒಂದೇ, ಆ ಕುರ್ಚಿ ಇದ್ದರೂ ಒಂದೇ" ಎಂದು ಟ್ರಂಕಿಗೆ ಸೀರೆ ತುಂಬಿಸತೊಡಗಿದಳು.

ಸೊಸೆಗೆ ಇದನ್ನೆಲ್ಲ ವಿಚಾರಿಸಲು ಪುರಸೊತ್ತೆಲ್ಲಿ? ಅವಳಿಗೆ ಬೇರೆ ಜಗಳಗಳಿದ್ದವು. ತಟ್ಟೆಯ ಬಲಭಾಗ ಮಾತ್ರ ತಿಂದು, ಉಳಿದರ್ಧ ಹಾಗೇ ಬಿಟ್ಟು, "ಇಷ್ಟೇನಾ ಹಾಕೋದು?" ಎಂದು ಅವನು ಸಿಡುಕುತ್ತಿದ್ದ. "ಎದುರಿಗೆ ಇಟ್ಕೊಂಡು ಆಟ ಆಡ್ತೀಯಾ?" ಎಂದು ಇವಳು ಬೈದು ತಟ್ಟೆ ತಿರುಗಿಸಿ ಇಟ್ಟರೆ ತಿನ್ನುತ್ತಿದ್ದ. ಗಡ್ಡವನ್ನು ಅರ್ಧ ಮುಖಕ್ಕೆ ಹೆರೆದುಕೊಂಡು ರೇಜರ್ ಕೆಳಗಿಡುತ್ತಿದ್ದ. ಸೋಮಾರಿತನ ಎಂದು ಇವಳೇ ಉಳಿದದ್ದನ್ನು ಹೆರೆಯುತ್ತಿದ್ದಳು. ಒಂದೊಂದಕ್ಕೂ ಒಂದೊಂದು ಕಾರಣ ಅವಳ ಕೈಯಲ್ಲೇ ಇತ್ತು. ತಟ್ಟೆಗೆ ಚೇಷ್ಟೆ, ಗಡ್ಡಕ್ಕೆ ಸೋಮಾರಿತನ, ಅಮ್ಮನಿಗೆ ಕೋಪ, ಕಿಟಕಿಗೆ ಗಾಡಿಯ ಮೇಲಿನ ಮೋಹ. ಎಲ್ಲ ಸರಿಯಾಗಿಯೇ ಹೊಂದುತ್ತಿತ್ತು.

ಗಾಡಿ ತಯಾರಾದ ದಿನ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಕೇಳಿದ. ಅವಳು ಹೆಗಲು ಕೊಟ್ಟು ನಡೆಸಿಕೊಂಡು ಬಂದು, ಬಲಬಾಗಿಲಿನಿಂದ ಹತ್ತಿಸಿ ಕೂರಿಸಿ, ಬೆಲ್ಟು ಬಿಗಿದಳು. ಅವನು ಗುಬುಟನ್ನು ಹಿಡಿದು ನೋಡಿದ, ಇನ್ನೊಮ್ಮೆ ಹಿಡಿದು ನೋಡಿದ. "ಅಂಗೈ ಅಳತೆ ಯಾವಾಗ ತಗೊಂಡೆ?" ಎಂದ. "ಅದಕ್ಕೆ ಬೇರೆ ಅಳತೆ ತಗೋಬೇಕಾ" ಎಂದಳು. ಬಾಗಿಲು ಹಾಕಿ, ಗಾಡಿಯ ಹಿಂದಿನಿಂದ ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕೂತಳು. ಮಾತಾಡಿದರೆ ಅಳು ಬರುತ್ತದೆಂದು ತುಟಿ ಕಚ್ಚಿಕೊಂಡು ಸುಮ್ಮನಿದ್ದಳು.

ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಅವನು ಹಿಡಿಯನ್ನು ಸರಿಸಿದ, ಕಾಲು ಇಟ್ಟ, ಗಾಡಿ ಮೆಲ್ಲಗೆ ಮುಂದಕ್ಕೆ ಹೊರಟಿತು. ಅವನ ಮುಖ ನೋಡಬೇಕಿತ್ತು ನೀವು. ಬಿದ್ದ ದಿನದಿಂದ ಮುಖದ ಮೇಲೆ ಕಾಣದಿದ್ದ ಆ ಜಂಬ, ಪೂರ್ತಿಯಾಗಿ ಬಂದು ಕೂತಿತ್ತು. ಅವನು ಒಬ್ಬನೇ ಇದ್ದಾಗ ಮಾತಾಡಿಕೊಳ್ಳುವ ದನಿಯಲ್ಲಿ, ಎದುರಿನ ಗಾಜಿಗೆ ಹೇಳಿದ.

"ಎಲ್ಲಿ ಹೋದಳಪ್ಪ ಇವಳು? ಇದನ್ನ ಅವಳು ನೋಡಬೇಕಿತ್ತು."

ಅವಳಿಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಅವನ ಮುಖ ನೋಡಿದಳು. ತಮಾಷೆ ಇರಲಿಲ್ಲ.

"ಇಲ್ಲೇ ಇದೀನಲ್ಲ" ಎಂದಳು.

ಅವನು ದನಿ ಕೇಳಿ ಬಲಕ್ಕೆ ತಿರುಗಿದ. ಬಲಗಡೆಯ ಕಿಟಕಿಯ ಆಚೆ, ಖಾಲಿ ಅಂಗಳದಲ್ಲಿ ಅವಳನ್ನು ಹುಡುಕಿದ. ಅಷ್ಟರಲ್ಲಿ ಗೇಟಿನ ಎಡಗಂಬ ಅವಳ ಮುಖಕ್ಕೇ ಬರುತ್ತಿತ್ತು. ಅವನು ಆ ಕಡೆ ನೋಡಲೇ ಇಲ್ಲ, ತಡಬಡಾಯಿಸಲೂ ಇಲ್ಲ, ಆ ಕಡೆ ಏನೂ ಇಲ್ಲವೇ ಇಲ್ಲ ಎಂಬಂತೆ ನಿರಾಳವಾಗಿ ಕಾಲು ಒತ್ತಿದ. ಕನ್ನಡಿ ಕಿತ್ತು ಹಾರಿತು. ಬಾಗಿಲು ಒಳಕ್ಕೆ ಬಗ್ಗಿ ಅವಳ ಮೊಣಕಾಲಿಗೆ ಬಡಿಯಿತು. ಅವಳು ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಿದಳು.

"ಏನೋ ತಾಗಿದ ಹಾಗಾಯ್ತಲ್ಲ" ಎಂದ ಅವನು. "ಹಿಂದಿನ ಪಟ್ಟಿ ಸಡಿಲ ಇರಬೇಕು. ಬೆಣ್ಣೆ ಥರ ಹೋಯ್ತು ಕಣೆ."

ಸದ್ದಿಗೆ ಅತ್ತೆ ಮನೆಯೊಳಗಿಂದ ಓಡಿ ಬಂದಳು. ಬರುವವಳು ಹತ್ತಿರದ ಕಿಟಕಿಗೆ ಬಂದಳು, ಅಂದರೆ ಮಗನ ಬಲಗಡೆಯ ಕಿಟಕಿಗೆ. ಮಗ ಅವಳನ್ನು ನೋಡಿದ. ಅವನ ಕಣ್ಣು ತುಂಬಿಕೊಂಡಿತು.

"ಈಗ ಬಂದ್ಯಾ ಅಮ್ಮ?" ಎಂದ. "ನಿನ್ನ ದನಿ ಕೇಳ್ತಿತ್ತು ಮನೆಯಲ್ಲಿ. ಒಂದ್ಸಲಾನೂ ಹತ್ತಿರ ಬರಲಿಲ್ಲ ನೀನು. ಕೋಪ ಹೋಯ್ತಾ?"

ಮುದುಕಿ ಬೆಪ್ಪಾಗಿ ಅವನನ್ನೇ ನೋಡಿದಳು. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳದವಳು ಅವಳು. ಆದರೆ ತಾಯಿಯಲ್ಲವೇ, ವಾದ ಮಾಡಲಿಲ್ಲ. "ಹೋಯ್ತು ಕಣಪ್ಪ" ಎಂದು ಕಿಟಕಿಯೊಳಗೆ ಕೈ ಹಾಕಿ ಅವನ ಕೆನ್ನೆ ಸವರಿದಳು.

ಎಡಗಡೆಯ ಸೀಟಿನಲ್ಲಿ, ಬಗ್ಗಿದ ಬಾಗಿಲಿಗೂ ಗಂಡನಿಗೂ ನಡುವೆ ಕೂತುಕೊಂಡು ಕಿಡಿಯಕ್ಕ ಇಬ್ಬರನ್ನೂ ನೋಡಿದಳು. ತಟ್ಟೆ, ಗಡ್ಡ, ಕುರ್ಚಿ, ಕಿಟಕಿ, ಎಲ್ಲ ಒಟ್ಟಿಗೆ ಬಂದು ಅವಳ ಎದೆಯ ಮೇಲೆ ಕೂತವು. ಅವನು ಗಾಡಿಯನ್ನು ನೋಡುತ್ತ ಮಲಗಿರಲಿಲ್ಲ. ಅವನಿಗೆ ನೋಡಲಿಕ್ಕೆ ಉಳಿದದ್ದೇ ಆ ಒಂದು ಕಡೆ. ಕೈ ಕಟ್ಟಿಕೊಂಡು ನೋಡಿದಳು, ಕಾಲು ಕಟ್ಟಿಕೊಂಡು ನೋಡಿದಳು. ಅರ್ಧ ಜಗತ್ತು ಇಲ್ಲವಾಗಿರುವುದನ್ನು ಯಾವ ದುಪ್ಪಟ್ಟಾದಲ್ಲಿ ಕಟ್ಟಿಕೊಂಡು ನೋಡುತ್ತಿದ್ದಳು? ಹೇಳಿದ್ದರಲ್ಲ ಡಾಕ್ಟರಮ್ಮ. ತಾನೇ ತಮಾಷೆ ಮಾಡಿ ಆ ಮಾತನ್ನು ಬಾಗಿಲಾಚೆ ಹಾಕಿದ್ದಳು.

ಮತ್ತೆ ಆಸ್ಪತ್ರೆಗೆ ಹೋಗಿ, ಈ ಸಲ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಳು. ಕಣ್ಣಿನಲ್ಲಿ ದೋಷವಿಲ್ಲ, ಕಿವಿಯಲ್ಲಿ ದೋಷವಿಲ್ಲ ಎಂದರು ಡಾಕ್ಟರಮ್ಮ. ಎಡಗಡೆ ಅನ್ನುವುದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಏನೋ ಕಾಣುತ್ತಿಲ್ಲ ಅನ್ನುವುದೂ ಅವನಿಗೆ ತಿಳಿಯುವುದಿಲ್ಲ. ಕಾಲ ಕಳೆದಂತೆ ಸ್ವಲ್ಪ ಸುಧಾರಿಸಬಹುದು. ಗಾಡಿ ಮಾತ್ರ ಬೇಡ, ಯಾವತ್ತೂ ಬೇಡ ಎಂದರು.

ಅತ್ತೆ ಟ್ರಂಕಿನಿಂದ ಸೀರೆ ತೆಗೆದಿಟ್ಟು, ಕುರ್ಚಿಯನ್ನು ಮಂಚದ ಬಲಕ್ಕೆ ಎಳೆದುಕೊಂಡಳು. ಅವಳಿಗೆ ಮಗ ಸಿಕ್ಕಿದ. ಸೊಸೆಗೆ ಇನ್ನು ಗಂಡನ ಹತ್ತಿರ ಬಾಯಿ ಬಿಡುವ ಕೆಲಸವಿತ್ತು. ಅದನ್ನು ಅವಳು ಇವತ್ತು ನಾಳೆ ಎಂದು ಮುಂದೂಡಿದಳು. ಅವನೋ, ಇಸ್ತ್ರಿ ಅಂಗಿ ಹಾಕಿಕೊಂಡು "ಯಾವಾಗ ಹೊರಡೋದು?" ಎಂದು ಬೆಳಗಾದರೆ ಪೀಡಿಸುತ್ತಿದ್ದ. ಕೊನೆಗೆ ಒಂದು ದಿನ ಹೇಳಿದಳು. "ನೀನು ಕಂಬಕ್ಕೆ ಗುದ್ದಿದೀಯ."

"ಯಾರು? ನಾನಾ?" ಅವನು ನಗಲಿಲ್ಲ, ಕೆರಳಿದ. "ಆ ಗೇಟಲ್ಲಿ ನಾನು ಗುದ್ದೋದಾ? ಬೇರೆ ಯಾರಾದರೂ ಸಿಗಲಿಲ್ವಾ ನಿನಗೆ ಸುಳ್ಳು ಹೇಳಕ್ಕೆ?"

ಅವಳು ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ತಂದಳು. ಗಾಡಿಯ ಮುಂದಿನಿಂದ ಸುತ್ತಿದರೆ ಬಾಗಿಲು ಅವನ ಎಡಕ್ಕೆ ಬರುತ್ತದೆ, ಅವನ ಪಾಲಿಗೆ ಬಾಗಿಲೇ ಇರುವುದಿಲ್ಲ. ಇಷ್ಟು ಹೊತ್ತಿಗೆ ಅದನ್ನು ಕಲಿತಿದ್ದಳು. ಹಿಂದಿನಿಂದ ಸುತ್ತಿ, ಬಗ್ಗಿದ ಬಾಗಿಲು ಅವನ ಬಲಗೈಗೆ ಸಿಗುವಂತೆ ನಿಲ್ಲಿಸಿದಳು. ಅವನು ನೋಡಿದ. ತಗ್ಗಿನಲ್ಲಿ ಕಂಬದ ಬಣ್ಣ ಹತ್ತಿಕೊಂಡಿತ್ತು. ಗೇಟಿಗೆ ಆ ಹಸಿರು ಹೊಡೆದವನು ಅವನೇ. ಕೈ ಒಳಗೆ ಹಾಕಿ, ತಗಡು ಎಲ್ಲಿಯವರೆಗೆ ಬಂದಿದೆ ಎಂದು ಮುಟ್ಟಿ ಮುಟ್ಟಿ ಅಳೆದ.

"ಇಲ್ಲಿ ಯಾರು ಕೂತಿದ್ರು?" ಎಂದ.

"ನಾನು."

"ಶುರುವಿಂದಾನಾ?"

"ಶುರುವಿಂದಾನೇ."

ಅವನು ಆ ತಗ್ಗಿನ ಮೇಲೆ ಇನ್ನೊಮ್ಮೆ ಕೈ ಆಡಿಸಿದ. "ನೀನು ನೋಡಬೇಕಿತ್ತು ಅಂತ ಅಂದೆ ಅಲ್ವಾ ನಾನು."

"ನೋಡ್ತಿದ್ದೆ. ಮುಖಾನೇ ನೋಡ್ತಿದ್ದೆ."

ಆಗ ಅವನು ಅತ್ತ. ಮಂಚ ಹಿಡಿದಾಗ ಅಳದವನು, ಕೈಕಾಲು ಹೋದದ್ದಕ್ಕೆ ಅಳದವನು, ಆ ಬಾಗಿಲಿಗೆ ಹಣೆ ಕೊಟ್ಟು ಅತ್ತ. ಅವಳಿಗೂ ತಡೆಯಲಾಗಲಿಲ್ಲ. "ಆಣೆ ಮಾಡಿದ್ದೆ ನಾನು. ಮಾತು ಉಳಿಸ್ಕೊಳಕ್ಕಾಗಲಿಲ್ಲ" ಎಂದಳು.

"ಗಾಡಿ ಸರಿಯಾಗಿ ಓಡ್ತು" ಎಂದ ಅವನು. "ನಿನ್ನ ಕೆಲಸದಲ್ಲಿ ತಪ್ಪಿಲ್ಲ." ಜೇಬಿಗೆ ಕೈ ಹಾಕಿ ಗಾಡಿಯ ಕೀಲಿ ತೆಗೆದು, ಅವಳು ಎಲ್ಲಿದ್ದಾಳೆ ಎಂದು ಕತ್ತು ಎಡಕ್ಕೆ ತಿರುಗಿಸಲು ಹೆಣಗಾಡಿದ. ಅವಳೇ ಸರಿದು ಅವನ ಬಲಕ್ಕೆ ಬಂದು ಕೀಲಿ ತೆಗೆದುಕೊಂಡಳು.

ಬಾಗಿಲನ್ನು ಒಳಗಿನಿಂದ ಬಡಿದು ನೆಟ್ಟಗೆ ಮಾಡಿದಳು, ಕನ್ನಡಿ ಹೊಸದು ಹಾಕಿದಳು. ಗುಬುಟನ್ನು ಬಿಚ್ಚಲಿಲ್ಲ. ಒಂದು ಭಾನುವಾರ ಅವನನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ, ತಾನು ಓಡಿಸಿಕೊಂಡು ಹೊರಟಳು. ಈಗ ಅವಳು ಅವನ ಬಲಕ್ಕಿದ್ದಳು. ಅವನು ದಾರಿ ನೋಡಲಿಲ್ಲ, ದಾರಿಯುದ್ದಕ್ಕೂ ಅವಳನ್ನೇ ನೋಡಿದ.

ಏರು ಬಂದಾಗ ಅವಳಿಗೆ ಚಾಪೆ ಸರಿದ ಸದ್ದು ಕೇಳಿತು. ಬಗ್ಗಿ ನೋಡಿದರೆ ಅವನ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು. ಅವಳು ತನ್ನ ಕಾಲನ್ನೂ ಅಷ್ಟೇ ಒತ್ತಿದಳು. ನೋಡದಿದ್ದರೂ ದಾರಿ ಅವನ ಕಾಲಿಗೆ ಗೊತ್ತಿತ್ತು. ತಿರುವಿನಲ್ಲಿ ಅವನ ಕಾಲು ಎದ್ದಿತು, ಅವಳದ್ದೂ ಎದ್ದಿತು. ಅವನು ಎಲ್ಲಿ ಬ್ರೇಕ್ ಒತ್ತಿದನೋ ಅಲ್ಲಿ ಅವಳೂ ಒತ್ತಿದಳು. ಹೀಗೆ ದೊಡ್ಡ ರಸ್ತೆಯವರೆಗೂ ಹೋಗಿ, ತಿರುಗಿಸಿಕೊಂಡು ಬಂದರು. "ಚೆನ್ನಾಗಿ ಓಡಿಸ್ತೀಯ" ಎಂದ ಅವನು. "ನನ್ನ ಥರಾನೇ."

ಮನೆ ಬಂತು. ಅವಳು ಗೇಟಿಗೆ ತಿರುಗಿಸಿದಳು. ಎಡಗಂಬ ಅವನ ಬಾಗಿಲಿನ ಪಕ್ಕಕ್ಕೆ ಬರುತ್ತಿತ್ತು. ಅವಳು ಅವನ ಕಾಲನ್ನೇ ನೋಡುತ್ತ ಕಾದಳು. ಅವನ ಕಾಲು ಅಲುಗಲಿಲ್ಲ. ಅವನು ಅವಳನ್ನು ನೋಡಿ ನಗುತ್ತಿದ್ದ. ಬ್ರೇಕನ್ನು ಅವಳೊಬ್ಬಳೇ ಒತ್ತಿದಳು.